ಮಸ್ಟಾಂಗ್ ಹಿಂದಿನ ಗ್ಲಾಸಿನ ಲೂವರ್: ಬಣ್ಣ ಜೇಡರ ಬಲೆ ಥರ ಬಿರಿದೈತೆ, ಮಧ್ಯಾಹ್ನ ಆದ್ರೆ ಪಟ್ಟಿ ಬಿಲ್ಲಾಗ್ತೈತೆ

ಬಿಸಿಲೂರ ಹುಡುಗ, ಬಳ್ಳಾರಿ (ಮಾರ್ಚ್ 19)

ಗಾಡಿ ನಂದಲ್ಲ, ಮೊದ್ಲೇ ಹೇಳಿಬಿಡ್ತೀನಿ. ನಮ್ಮ ಸೋದರಮಾವಂದು. 2017ರ ಫೋರ್ಡ್ ಮಸ್ಟಾಂಗ್ ಜಿಟಿ ಕಾರು, ಬೆಂಗಳೂರಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. ಅದ್ರ ಹಿಂದಿನ ಗ್ಲಾಸು ಜಾರುಬಂಡೆ ಥರ ಮಲಗಿರ್ತೈತೆ, ನಮ್ಮೂರ ಬಿಸಿಲೆಲ್ಲಾ ಸೀದಾ ಹಿಂದಿನ ಸೀಟಿಗೆ. ನಮ್ಮತ್ತೆ ಅಲ್ಲಿಟ್ಟಿದ್ದ ಸ್ಟೀಲ್ ಡಬ್ಬಿ ಮುಟ್ಟಿ ಕೈ ಚುರುಗುಟ್ಟಿಸ್ಕೊಂಡ ದಿನ ಮಾವಂಗೆ 1969ರ ಹಳೇ ಮಸ್ಟಾಂಗ್ ಬಾಸ್ 302 ಫೋಟೋ ನೆನಪಾಯ್ತು. ಹಿಂದಿನ ಗ್ಲಾಸಿನ ಮೇಲೆ ಕಪ್ಪು ಪಟ್ಟಿಗಳ ಲೂವರ್, ಅಂದ್ರೆ ಸಾಲಾಗಿ ಜೋಡಿಸಿದ ನೆರಳುಪಟ್ಟಿ. 'ನೀನು ಕಂಪ್ಯೂಟರಲ್ಲಿ ಡಿಸೈನ್ ಮಾಡ್ತಿಯಲ್ಲ, ಇದನ್ನ ಮಾಡಿಕೊಡು' ಅಂದ್ರು.

3 ಮಿ.ಮೀ. ಎಬಿಎಸ್ ಅನ್ನೋ ಪ್ಲಾಸ್ಟಿಕ್ ಶೀಟು ತಂದೆ. ಗ್ಲಾಸಿನ ಬಾಗು ರಟ್ಟಿನಲ್ಲಿ ಅಚ್ಚು ತೆಗೆದು, 700 ಮಿ.ಮೀ. ಉದ್ದದ ಎರಡು ಪಕ್ಕದ ಪಟ್ಟಿ, ನಡುವೆ ಆರು ಅಡ್ಡಪಟ್ಟಿ. ಅಡ್ಡಪಟ್ಟಿಗಳ ಅಂಚನ್ನ ಹೀಟ್ ಗನ್ನಲ್ಲಿ ಕಾಯಿಸಿ ಎಲ್ ಆಕಾರಕ್ಕೆ ಮಡಚಿದ್ದೀನಿ. ಅಸಿಟೋನಲ್ಲಿ ಒರೆಸಿ, ಎನ್‌ಸಿ (ನೈಟ್ರೋಸೆಲ್ಯುಲೋಸ್, ಥಿನ್ನರಲ್ಲಿ ಕಲಸೋ ಬಣ್ಣ) ಪ್ರೈಮರ್, ಎನ್‌ಸಿ ಕಪ್ಪು, ಮೇಲೆ ಲ್ಯಾಕರ್. ಜನವರಿಯಲ್ಲಿ ಒಂದು ಬೆಳಗ್ಗೆ ಆರೂವರೆಗೆ, ಧೂಳು ಏಳೋಕೆ ಮುಂಚೆ, ದಪ್ಪ ಫೋಮ್ ಡಬಲ್ ಟೇಪು ಉದ್ದಕ್ಕೂ ಹಾಕಿ ಗ್ಲಾಸಿಗೆ ಅಂಟಿಸಿದ್ವಿ. ಎರಡು ತಿಂಗಳು ಮಾವ ಊರೆಲ್ಲಾ ಸುತ್ತಿ ಬಂದ್ರು.

ಈಗ ಬಣ್ಣದಲ್ಲಿ ಜೇಡರ ಬಲೆ ಥರ ಸಣ್ಣ ಬಿರುಕು. ಎಲ್ಲಾ ಕಡೆ ಇಲ್ಲ, ಮಡಚಿದ ಗೆರೆ ಗುಂಟ ಮಾತ್ರ. ಮಧ್ಯಾಹ್ನ ಮೂರಕ್ಕೆ ಎಡಗಡೆ ಪಟ್ಟಿ ನಡುವೆ 8 ಮಿ.ಮೀ. ಮೇಲೆದ್ದಿರ್ತೈತೆ, ಬೆಳಗ್ಗೆ ನೋಡಿದ್ರೆ ಏನೂ ಆಗೇ ಇಲ್ಲ ಅನ್ನೋಹಂಗೆ ಕೂತಿರ್ತೈತೆ. ಒಳಗಿನ ಕನ್ನಡಿಯಲ್ಲಿ ಹಿಂದೆ ಬರೋ ಲಾರಿ ಸಹ ಕಾಣಲ್ಲ. ಎಂಬತ್ತು ದಾಟಿದ್ರೆ ಶಿಳ್ಳೆ ಬೇರೆ. ಬಿರುಕಿಗೆ ಪುಟ್ಟಿ ಹಾಕಿ ಉಜ್ಜಿ ಮತ್ತೆ ಬಣ್ಣ ಹೊಡೆದ್ರೆ ಸಾಕಾ?

ಕೌಲ್‌ಬಜಾರ್ ಡೆಂಟರ್, ಬಳ್ಳಾರಿ

ಸಾಕಾಗಲ್ಲ ತಮ್ಮಾ. ಬಿರುಕು ಬಣ್ಣದ್ದಲ್ಲ, ಪ್ಲಾಸ್ಟಿಕ್‌ದು. ಉಗುರಲ್ಲಿ ಗೀರಿ ನೋಡು, ಬಣ್ಣ ಎದ್ರೂ ಕೆಳಗೆ ಬಿಳಿ ಗೆರೆ ಇರ್ತೈತೆ.

ಅಸಿಟೋನಲ್ಲಿ ಎಬಿಎಸ್ ಕರಗ್ತೈತೆ. ಎಬಿಎಸ್ ತುಂಡುಗಳನ್ನ ಅಂಟಿಸೋಕೆ ಅದನ್ನೇ ಬಳಸ್ತಾರೆ. ನೀನು ಒರೆಸೋಕೆ ಬಳಸಿದ್ದೀಯ. ಅದ್ರ ಮೇಲೆ ಎನ್‌ಸಿ ಥಿನ್ನರ್, ಅದೂ ಅದೇ ಜಾತಿ ಖಾರ. ಚಪ್ಪಟೆ ಜಾಗದಲ್ಲಿ ತಡ್ಕೊಂಡೈತೆ, ಮಡಚಿದ ಕಡೆ ತಡ್ಕೊಂಡಿಲ್ಲ. ಹೀಟ್ ಗನ್ನಲ್ಲಿ ಒಂದು ಕಡೆ ಕಾದು ಒಂದು ಕಡೆ ತಣ್ಣಗಿದ್ದಾಗ ಮಡಚಿದ್ರೆ ಒಳಗೆ ಬಿಗಿ ಉಳೀತೈತೆ. ಥಿನ್ನರ್ ಹೋಗಿ ಆ ಬಿಗಿ ಇರೋ ಜಾಗದಲ್ಲೇ ಬಿಡಿಸ್ತೈತೆ.

ನಂಬಿಕೆ ಬರ್ಲಿಲ್ಲ ಅಂದ್ರೆ ಉಳಿದ ಶೀಟಿನ ಎರಡು ತುಂಡು ತಗೋ. ಎರಡನ್ನೂ ಬಗ್ಗಿಸಿ ಕ್ಲಾಂಪ್ ಹಾಕು. ಒಂದಕ್ಕೆ ನಿನ್ನ ಥಿನ್ನರ್ ಒರೆಸು, ಇನ್ನೊಂದಕ್ಕೆ ಐಸೋಪ್ರೊಪೈಲ್ ಆಲ್ಕೋಹಾಲ್. ಟೀ ಕುಡಿದು ಬಂದು ನೋಡು.

ಬಿಸಿಲೂರ ಹುಡುಗ

ಟೀ ಕುಡಿಯೋವರೆಗೂ ಕಾಯ್ಲಿಲ್ಲ ಅಣ್ಣಾ. ಥಿನ್ನರ್ ಒರೆಸಿದ್ದು ನನ್ನ ಕಣ್ಮುಂದೆನೇ ಬಿಳಿಚಿಕೊಂಡು ಟಪ್ ಅಂತ ಮುರೀತು. ಆಲ್ಕೋಹಾಲ್‌ದು ಹಂಗೇ ಐತೆ. ಆದ್ರೆ ಹಾಕಿರೋ ಆರು ಪಟ್ಟಿನೂ ಎಸೀಬೇಕಾ? ಒಂದೊಂದು ಮಾಡೋಕೆ ಒಂದೊಂದು ಭಾನುವಾರ ಹೋಗೈತೆ.

ಕಿನ್ನಾಳ ಬಣ್ಣ, ಕೊಪ್ಪಳ

ಒಗೀರಿ. ನಾ ಕಾರಿನ ಮಂದಿ ಅಲ್ಲ, ನಮ್ಮನ್ಯಾಗ ಕಿನ್ನಾಳ ಗೊಂಬಿ ಕೆಲಸ. ಮರದ ಗೊಂಬಿ ಮ್ಯಾಲೆ ನಾವು ನೇರ ಬಣ್ಣ ಹಚ್ಚಂಗಿಲ್ಲ. ಗೋಣಿ ಚೂರು ನೆನಿಸಿ ಒಣಗಿಸಿ ಪುಡಿ ಮಾಡಿ ಹುಣಸಿ ಬೀಜದ ಅಂಟಿನ್ಯಾಗ ಕಲಸಿದ ಕಿಟ್ಟ ಇರ್ತೈತಿ, ಸಂದು ತುಂಬಾಕ ಅದು. ಆದ್ರ ಮರನ ಒಣಗಿಲ್ಲ ಅಂದ್ರ ಕಿಟ್ಟನೂ ಉಳಿಯಂಗಿಲ್ಲ, ಬಣ್ಣನೂ ಉಳಿಯಂಗಿಲ್ಲ. ಆರು ತಿಂಗಳ ಬಿಟ್ಟು ಅದ ಜಾಗಾಕ್ಕ ಸೀಳತೈತಿ. ನಿಮ್ಮ ಪುಟ್ಟಿದೂ ಅದ ಕಥಿ, ಅದು ಗಟ್ಟಿ, ಕೆಳಗಿನ ಪ್ಲಾಸ್ಟಿಕ್ ಅಲಗಾಡತೈತಿ.

ಇನ್ನೊಂದ್ ಮಾತ್, ಸಿಟ್ಟಾಗಬ್ಯಾಡ್ರಿ. ಲೂವರ್ ಅಂದ್ರ ಎಲ್ಲಾರೂ ಬಾಸ್ 302 ಅಂತಾರ. 1966ರ ಲ್ಯಾಂಬೋರ್ಗಿನಿ ಮಿಯುರಾ ಹಿಂಬದಿ ಒಮ್ಮೆ ನೋಡ್ರಿ. ಎಂಜಿನ್ ನಡುವ ಇತ್ತಲ್ಲ, ಅದರ ಸೆಕೆ ಹೊರಗ ಹೋಗಾಕ ಪಟ್ಟಿ ಇಟ್ಟಿದ್ರು. ಅಲ್ಲಿ ಅದಕ್ಕ ಕೆಲಸಾ ಇತ್ತು.

ಹಳಿ ಮೇಲಿನವ, ರಾಯಚೂರು

ಬಣ್ಣದ ಮಾತು ಅವರಿಗೆ ಬಿಡ್ತೀನಿ, ಬಿಲ್ಲಾಗೋದು ನನ್ನ ವಿಷಯ. ಇಪ್ಪತ್ತು ವರ್ಷ ರೈಲ್ವೆ ಹಳಿ ಕಾಯೋ ಕೆಲಸದಾಗ ಇದ್ದವ ನಾನು. ಏಪ್ರಿಲ್-ಮೇದಾಗ ನಮಗ ನಿದ್ದಿ ಬರಲಾರದ್ದು ಇದೇ ಕಾರಣಕ್ಕ.

ತಮ್ಮಾ, ಲೆಕ್ಕ ಹಾಕು. ಎಬಿಎಸ್ ಒಂದು ಡಿಗ್ರಿಗೆ ಒಂದು ಮೀಟರಿಗೆ ಸುಮಾರು 0.08 ಮಿ.ಮೀ. ಹಿಗ್ಗತದ. ಗಾಜು 0.009 ಅಷ್ಟೇ, ಒಂಬತ್ತು ಪಟ್ಟು ಕಡಿಮಿ. ನೀ ಅಂಟಿಸಿದ ದಿನ ಬೆಳಗ್ಗೆ 18 ಡಿಗ್ರಿ ಇತ್ತು ಅಂತ ಇಟ್ಕೊ. ಕಪ್ಪು ಪಟ್ಟಿ ಮಾರ್ಚ್ ಬಿಸಿಲಾಗ 65 ಮುಟ್ಟತದ, ಕೈ ಇಟ್ಟು ನೋಡಿದ್ರ ಗೊತ್ತಾಗ್ತದ. 47 ಡಿಗ್ರಿ ಫರಕ್. 700 ಮಿ.ಮೀ. ಪಟ್ಟಿ 2.6 ಮಿ.ಮೀ. ಬೆಳೀತದ, ಕೆಳಗಿನ ಗಾಜು 0.3. ಉಳಿದ 2.3 ಎಲ್ಲಿ ಹೋಗಬೇಕು?

'ಬರೇ ಎರಡು ಮಿ.ಮೀ.ಗೆ 8 ಮಿ.ಮೀ. ಹೆಂಗ ಏಳ್ತದ' ಅಂತ ಕೇಳ್ತಿ. ಇಲ್ಲೇ ಎಲ್ಲಾರೂ ಮೋಸ ಹೋಗೋದು. ಎರಡು ತುದಿ ಕಟ್ಟಿಹಾಕಿದ ಪಟ್ಟಿ ಹಿಗ್ಗಿದ್ರ ನಡುವ ಏಳೋ ಎತ್ತರ: ಉದ್ದವನ್ನ ಹೆಚ್ಚಾದ ಉದ್ದದಿಂದ ಗುಣಿಸು, ಮೂರರಿಂದ ಗುಣಿಸಿ ಎಂಟರಿಂದ ಭಾಗಿಸು, ವರ್ಗಮೂಲ ತಗಿ. 2.3 ಮಿ.ಮೀ. ಪೂರ್ತಿ ಮೇಲೆದ್ದಿದ್ರ ಸುಮಾರು 25 ಮಿ.ಮೀ. ಬಿಲ್ಲಾಗ್ತಿತ್ತು. ನಿಂದು 8 ಆಗ್ಯದ ಅಂದ್ರ ತಿರುಗಿ ಲೆಕ್ಕ ಹಾಕಿದ್ರ ಕಾಲು ಮಿ.ಮೀ. ಮಾತ್ರ. ಉಳಿದದ್ದೆಲ್ಲ ಟೇಪಿನ ಫೋಮ್ ನುಂಗ್ಕೊಂಡದ. ಪಾಪ ಆ ಟೇಪು ದಿನಾ ಎಳದಾಡಿಸ್ಕೊಳ್ತದ. ಮೇ ತನಕ ಉಳಿಯಂಗಿಲ್ಲ.

ಹಳಿ ಹಾಕುವಾಗ ನಾವು ಥಂಡಿ ಬೆಳಗ್ಗೆ ಬಿಗಿಯೋದಿಲ್ಲ. ವರ್ಷದ ಥಂಡಿ ಬಿಸಿಲು ಎರಡೂ ನೋಡಿ, ನಡುವಿಗಿಂತ ಸ್ವಲ್ಪ ಮ್ಯಾಲಿನ ಉಷ್ಣತಾದಾಗ ಬಿಗೀತೀವಿ. ನೀನು ವರ್ಷದಾಗಿನ ಥಂಡಿ ಹೊತ್ತು ಹುಡುಕಿ ಅಂಟಿಸೀದಿ!

ಕೌಲ್‌ಬಜಾರ್ ಡೆಂಟರ್

ಹಂಗಾದ್ರೆ ಪಕ್ಕದ ಪಟ್ಟಿ ಅಲ್ಯೂಮಿನಿಯಂದು ಮಾಡಿಬಿಡ್ಲಿ. ಮುಗೀತಲ್ಲ?

ಹಳಿ ಮೇಲಿನವ

ಮುಗಿಯಂಗಿಲ್ಲ ಉಸ್ತಾದ್. ಅಲ್ಯೂಮಿನಿಯಂ ಮೀಟರಿಗೆ 0.023. ಗಾಜಿಗಿಂತ ಅರ್ಧ ಮಿ.ಮೀ. ಹೆಚ್ಚು ಬೆಳದೇ ಬೆಳೀತದ, ಎರಡೂ ಕಡೆ ಕಟ್ಟಿದ್ರ 11 ಮಿ.ಮೀ. ಬಿಲ್ಲು. ಸಾಮಾನು ಬದಲಿಸೋದಕ್ಕಿಂತ ಕಟ್ಟೋ ರೀತಿ ಬದಲಿಸ್ರಿ. ಮೇಲಿನ ತುದಿ ಗಟ್ಟಿ ಅಂಟಿಸ್ರಿ, ಕೆಳಗಿನ ತುದಿ ಜಾರಾಡ್ಲಿ. 5 ಮಿ.ಮೀ. ಬೋಲ್ಟಿಗೆ ಉದ್ದಕ್ಕ 10 ಮಿ.ಮೀ. ಸ್ಲಾಟು, ನೈಲಾನ್ ವಾಷರು, ಬಿಚ್ಚಿಕೊಳ್ಳಲಾರದ ನೈಲಾಕ್ ನಟ್ಟು, ಪೂರ್ತಿ ಬಿಗೀಬ್ಯಾಡ್ರಿ. ಅಡ್ಡಪಟ್ಟಿಗಳಿಗೂ ಒಂದ್ ಕಡೆ ಸ್ಲಾಟು ಬೇಕು. ಬಿಚ್ಚಾಕ ಬಂದ್ರ ಗ್ಲಾಸೂ ಒರಸಬಹುದು, ನಿಮ್ಮೂರ ಕೆಂಪು ಧೂಳು ಆ ಸಂದಿನ್ಯಾಗ ಕುಂತ್ರ ಹೆಂಗ ತಗೀತಿ?

ಗಂಗಾವತಿ ಗೇರ್, ಗಂಗಾವತಿ

ಬಿಚ್ಚೋಹಂಗ ಮಾಡ್ರಿ ಅನ್ನೋದಕ್ಕ ನನ್ನದೂ ಒಂದು ಓಟು, ಕಾರಣ ಬ್ಯಾರೆ. ಮೋಟಾರು ವಾಹನ ನಿಯಮ 100ರ ಪ್ರಕಾರ ಮುಂದಿನ ಹಿಂದಿನ ಗ್ಲಾಸಿನ್ಯಾಗ 70%, ಪಕ್ಕದ್ರಾಗ 50% ಬೆಳಕು ಹಾಯಬೇಕು. 2012ರಾಗ ಸುಪ್ರೀಂ ಕೋರ್ಟು ಗ್ಲಾಸಿಗೆ ಕಪ್ಪು ಫಿಲ್ಮ್ ಬ್ಯಾಡ ಅಂದದ್ದು ಈ ನಿಯಮ ಹಿಡಕೊಂಡೇ. ಲೂವರ್ ಫಿಲ್ಮ್ ಅಲ್ಲ ಅಂತ ನಿಮ್ಮ ಮಾವ ವಾದಾ ಮಾಡಬಹುದು, ರಸ್ತೆದಾಗ ನಿಂತು ಪೊಲೀಸರ ಜೋಡಿ ವಾದಾ ಗೆದ್ದವರನ್ನ ನಾ ನೋಡಿಲ್ಲ.

ಬಿಸಿಲೂರ ಹುಡುಗ

ಲೆಕ್ಕ ಓದಿ ಮಾವಂಗೆ ತೋರಿಸ್ದೆ. 'ರೈಲ್ವೆಯವ್ರು ಹೇಳಿದ್ಮೇಲೆ ಮುಗೀತು' ಅಂದ್ರು. ಹೊಸ ಶೀಟಿಗೆ ದುಡ್ಡು ಬಂತು. ಕನ್ನಡಿಯಲ್ಲಿ ಕಾಣ್ದೇ ಇರೋದಕ್ಕೆ ಏನ್ಮಾಡ್ಲಿ? ಈಗ ಅಡ್ಡಪಟ್ಟಿಗಳು ಗ್ಲಾಸಿಗೆ ನೇರ ಕಂಬ ಥರ ನಿಂತಾವೆ.

ಹಳಿ ಮೇಲಿನವ

ಅದಕ್ಕೇ ಕಾಣಂಗಿಲ್ಲ. ಗ್ಲಾಸು ಓರೆ ಅದ, ಅದಕ್ಕ ನೇರ ನಿಂತ ಪಟ್ಟಿ ನಿನ್ನ ಕಣ್ಣಿಗೆ ಅಡ್ಡ ಗೋಡಿ. ಪಟ್ಟಿ ನೆಲಕ್ಕ ಸಮಾನಾಂತರ ಮಲಗಬೇಕು, ಅಂದ್ರ ಕಣ್ಣು ಹಾಯೋ ದಾರಿಗುಂಟ. ಮಾವನ್ನ ಸೀಟಿನ್ಯಾಗ ಕೂಡಿಸು. ಕನ್ನಡಿಯಿಂದ ಹಿಂದಿನ ಗ್ಲಾಸಿನ ತನಕ ದಾರ ಹಿಡಿ. ಆ ದಾರದ ಓರೇನೇ ನಿನ್ನ ಪಟ್ಟಿ ಓರೆ. ಇದು ಕಂಪ್ಯೂಟರದಾಗ ಸಿಗಂಗಿಲ್ಲ, ಮಾವನ ಎತ್ತರದಾಗ ಸಿಗ್ತದ.

ನೆರಳಿಗೆ: ಪಟ್ಟಿ ಅಗಲ 60 ಮಿ.ಮೀ., ಒಂದರಿಂದ ಒಂದಕ್ಕ ನಿಲುವು ಅಂತರ 40 ಇಟ್ರ, 34 ಡಿಗ್ರಿಗಿಂತ ಮ್ಯಾಲಿರೋ ಸೂರ್ಯ ಒಂದು ಹನಿನೂ ಒಳಗ ಬರಂಗಿಲ್ಲ. ಬಳ್ಳಾರಿ ಇರೋದು 15 ಡಿಗ್ರಿ ಅಕ್ಷಾಂಶದ ಮ್ಯಾಲೆ, ಮೇ ಶುರುವಿನ್ಯಾಗ ಮಧ್ಯಾಹ್ನ ಸೂರ್ಯ ನೆತ್ತಿಗೇ ಬರ್ತಾನ. ಬೆಳಗ್ಗೆ ಒಂಬತ್ತರಿಂದ ಮೂರೂವರಿ ತನಕ ಅತ್ತಿಯವರ ಡಬ್ಬಿಗೆ ಚಿಂತಿಲ್ಲ.

ಕೌಲ್‌ಬಜಾರ್ ಡೆಂಟರ್

ಈಗ ಬಣ್ಣ ಕೇಳು. ಮಡಚೋಕೆ ಹೀಟ್ ಗನ್ ಬೇಡ, ಉದ್ದಕ್ಕೂ ಒಂದೇ ಸಮ ಕಾಯಿಸೋ ಹೀಟರ್ ಪಟ್ಟಿ ಬೇಕು. ಮಡಚಿದ ಮೇಲೆ ಪೌಡರ್ ಕೋಟಿಂಗ್ ಅಂಗಡಿಯವ್ರ ಓವನ್ನಲ್ಲಿ 80 ಡಿಗ್ರಿಗೆ ಎರಡು ತಾಸು ಇಟ್ಟು, ಬಾಗಿಲು ತೆಗೀದೇ ತಣ್ಣಗಾಗೋಕೆ ಬಿಡು. ಒಳಗಿನ ಬಿಗಿ ಸಡಿಲಾಗ್ತೈತೆ. ನೂರು ದಾಟಿಸಿದ್ರೆ ಪಟ್ಟಿ ಚಪಾತಿ ಆಗ್ತೈತೆ, ಅವ್ರಿಗೆ ಎರಡು ಸಲ ಹೇಳು. ಅವ್ರ ಕೈ ಅಭ್ಯಾಸಕ್ಕೆ 180ಕ್ಕೆ ತಿರುಗಿಸಿಬಿಡ್ತಾರೆ.

320 ನಂಬರ್ ನೀರು ಪೇಪರಲ್ಲಿ ಉಜ್ಜು, ಆಮೇಲೆ ಐಸೋಪ್ರೊಪೈಲಲ್ಲಿ ಒದ್ದೆ ಬಟ್ಟೆ. ಒಣಬಟ್ಟೆಯಲ್ಲಿ ಉಜ್ಜಬೇಡ, ಪ್ಲಾಸ್ಟಿಕ್ ಕರೆಂಟ್ ಹಿಡ್ಕೊಂಡು ಸುತ್ತಲಿನ ಧೂಳೆಲ್ಲಾ ಎಳ್ಕೊಳ್ತೈತೆ. ಪ್ಲಾಸ್ಟಿಕ್ ಪ್ರೈಮರ್ ಒಂದೇ ಒಂದು ತೆಳು ಕೋಟು. ಅದ್ರ ಮೇಲೆ ಟೂಕೆ (ಹಾರ್ಡ್ನರ್ ಕಲಸಿ ಹೊಡೆಯೋ) ಸರ್ಫೇಸರ್, ರಾತ್ರಿ ಬಿಟ್ಟು 600ರಲ್ಲಿ ಉಜ್ಜು. ಬಣ್ಣ, ಅದ್ರ ಮೇಲಿನ ಕ್ಲಿಯರ್ ಎರಡೂ ಪಿಯು (ಪಾಲಿಯುರೆಥೇನ್). ಥಿನ್ನರ್ ಸ್ಲೋ ತಗೋ. ನಮ್ಮೂರ 40 ಡಿಗ್ರಿಯಲ್ಲಿ ಫಾಸ್ಟ್ ಥಿನ್ನರ್ ಹಾಕಿದ್ರೆ ಬಣ್ಣ ಗಾಳಿಯಲ್ಲೇ ಒಣಗಿ ರವೆ ಥರ ಬೀಳ್ತೈತೆ, ಆಮೇಲೆ ಗನ್ನಿಗೆ ಬೈತಾರೆ. ಕೋಟಿಗೂ ಕೋಟಿಗೂ 10-15 ನಿಮಿಷ. ಮೊದ್ಲು ಪಟ್ಟಿ ಕೆಳಮೈ ಹೊಡಿ, ಆಮೇಲೆ ಮೇಲ್ಮೈ. ಹಾರ್ಡ್ನರ್ ಲೆಕ್ಕ ಡಬ್ಬಿ ಮೇಲೆ ಬರೆದಿರ್ತಾರೆ, ಕಣ್ಣಳತೆ ಬೇಡ.

ಮ್ಯಾಟ್ ಕ್ಲಿಯರ್ ಹೊಡೀತೀಯ ಅಂದ್ರೆ ಒಂದು ತಿಳ್ಕೋ. ಹೊಳಪಿನ ಫಿನಿಶಲ್ಲಿ ಧೂಳು ಕೂತ್ರೆ 2000ದಲ್ಲಿ ಉಜ್ಜಿ ಪಾಲಿಶ್ ಮಾಡಬಹುದು. ಮ್ಯಾಟಲ್ಲಿ ಉಜ್ಜಿದ ಜಾಗ ಮಿಂಚ್ತೈತೆ, ರಿಪೇರಿ ಇಲ್ಲ.

ಇನ್ನ ಮಾಸ್ಕು. ಪಿಯು ಹಾರ್ಡ್ನರಲ್ಲಿ ಐಸೋಸೈನೇಟ್ ಇರ್ತೈತೆ, ಮೂಗಿಗೆ ವಾಸನೆ ಗೊತ್ತಾಗೋದ್ರೊಳಗೆ ಎದೆಗೆ ಹೋಗಿರ್ತೈತೆ. ಕಾರ್ಟ್ರಿಜ್ ಇರೋ ಮಾಸ್ಕ್ ಹಾಕು, ಬಾಗಿಲು ತೆಗೆದಿಡು. ನಾನು ಹನ್ನೆರಡು ವರ್ಷ ಕರ್ಚೀಫ್ ಕಟ್ಕೊಂಡು ಹೊಡೆದೆ. ಈಗ ಮೆಟ್ಲು ಹತ್ತಿದ್ರೆ ನಿನ್ನ ಲೂವರ್ ಥರಾನೇ ಶಿಳ್ಳೆ ಬರ್ತೈತೆ.

ಬಿಸಿಲೂರ ಹುಡುಗ (ಮೇ 11)

ತಡವಾಯ್ತು, ಕ್ಷಮಿಸಿ. ಮಡಚಿದ ಗೆರೆಗಳನ್ನ ದಿನಾ ಲೆನ್ಸ್ ಹಿಡಿದು ನೋಡ್ತಿದ್ದೀನಿ, ಮೂರು ವಾರ ಆಯ್ತು, ಒಂದು ಬಿರುಕಿಲ್ಲ. ಓವನ್ನಿನ ಹುಡುಗ ಅಣ್ಣ ಹೇಳ್ದಂಗೇ 180ಕ್ಕೆ ತಿರುಗಿಸೋಕೆ ಹೋಗಿದ್ದ, ಪಕ್ಕದಲ್ಲೇ ನಿಂತಿದ್ದೆ.

ಪಕ್ಕದ ಪಟ್ಟಿ ಎಬಿಎಸ್‌ದೇ ಇಟ್ಟೆ, ಮೇಲೆ 60 ಮಿ.ಮೀ. ಮಾತ್ರ ಟೇಪು, ಕೆಳಗೆ ಸ್ಲಾಟು. ಟೇಪ್ ಹಾಕಿದ್ದು ಸಂಜೆ, ಗ್ಲಾಸು ಕೈಗೆ ಬೆಚ್ಚಗಿದ್ದಾಗ. ಮೂರು ದಿನ ಗಾಡಿ ಅಲಗಾಡಿಸ್ಲಿಲ್ಲ. ನಿನ್ನೆ ಮಧ್ಯಾಹ್ನ ಮೂರಕ್ಕೆ ನಡುವೆ ಎದ್ದಿದ್ದು ಒಂದು ಮಿ.ಮೀ.ಗೂ ಕಡಿಮೆ. ಬೋಲ್ಟು ಸ್ಲಾಟಲ್ಲಿ ಜಾರಿದ ಗುರುತು ಬಣ್ಣದ ಮೇಲೆ ಕಾಣ್ತೈತೆ, ಸುಮಾರು ಎರಡು ಮಿ.ಮೀ. ಲೆಕ್ಕ ತಾಳೆ ಆಯ್ತು ಸರ್.

ದಾರ ಹಿಡಿದಾಗ ಮಾವನ ಕಣ್ಣಿಗೂ ನನ್ನ ಕಣ್ಣಿಗೂ ನಾಲ್ಕು ಡಿಗ್ರಿ ಫರಕು ಬಂತು. ಮಾವಂದೇ ಇಟ್ಟೆ. ಹಿಂದೆ ಬರೋ ಬೈಕು ಸಹ ಕಾಣ್ತೈತಂತೆ. ಶಿಳ್ಳೆ ಮೇಲಿನ ಅಂಚಿನ ಮೂರು ಮಿ.ಮೀ. ಸಂದಿಯಿಂದ. ಹೊಸಪೇಟೆ ರಸ್ತೆಯಲ್ಲಿ ಒಂದೊಂದು ಸಂದಿಗೆ ಮಾಸ್ಕಿಂಗ್ ಟೇಪ್ ಅಂಟಿಸ್ತಾ ಹೋಗಿ ಕಂಡುಹಿಡಿದ್ವಿ, ರಬ್ಬರ್ ಬೀಡಿಂಗ್ ಹಾಕಿದ್ಮೇಲೆ ನಿಂತೈತೆ.

ಒಂದೇ ಕೊರಗು. ಮ್ಯಾಟ್ ಹೊಡೆದೆ. ನೆಲಕ್ಕೆ ನೀರು ಚಿಮುಕಿಸಿ, ಬೆಳಗ್ಗೆ ಆರಕ್ಕೆ ಹೊಡೆದ್ರೂ ಮೂರನೇ ಪಟ್ಟಿ ನಡುಮಧ್ಯ ಸಾಸಿವೆಯಷ್ಟು ಕೆಂಪು ಧೂಳಿನ ಕಾಳು ಕೂತೈತೆ. ಏನಾದ್ರೂ ಮಾಡಬಹುದಾ ಅಣ್ಣಾ?

ಕೌಲ್‌ಬಜಾರ್ ಡೆಂಟರ್

ಮುಟ್ಟಬೇಡ. ಮಾವ ನೋಡಿದಾರಾ?

ಬಿಸಿಲೂರ ಹುಡುಗ

ಇಲ್ಲ ಇನ್ನೂ.