ಪೈಪು ದಪ್ಪ ಆಯಿತು, ನದಿ ಅದೇ

ಮಾವ, ಬೆಳಿಗ್ಗೆ ನೀವು ಹಾಕಿದ ಮೆಸೇಜ್ ಈಗ ನೋಡಿದೆ. ಬೆಂಗಳೂರಿಗೆ ಕಾವೇರಿ ಐದನೇ ಹಂತದ ನೀರು ಬಂದಾಯಿತು, ಆದರೂ ಸೆಕ್ರೆಟರಿ ಆದ ತಪ್ಪಿಗೆ ನಿಮ್ಮ ಅಪಾರ್ಟ್‌ಮೆಂಟಿನವರು ಬರಗಾಲದ ಪ್ಲಾನ್ ಬರೆದುಕೊಡಿ ಎಂದು ಗಂಟು ಬಿದ್ದಿದ್ದಾರೆ, ಇದೆಲ್ಲ ಸುಮ್ನೆ ಅಲ್ವಾ ಎಂದು ಕೇಳಿದ್ದೀರಿ. ಸುಮ್ನೆ ಅಲ್ಲ ಮಾವ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಕೇಳಿ.

ಊರಿಗೆ ಕಾವೇರಿ ನೀರು ತರುವ ಯೋಜನೆಯ ಈ ಐದನೇ ಹಂತ ಶುರುವಾದದ್ದು 2024ರ ಅಕ್ಟೋಬರಿನಲ್ಲಿ. ದಿನಕ್ಕೆ 775 ದಶಲಕ್ಷ ಲೀಟರ್, ಬೆಂಗಳೂರಿಗೆ ಸೇರಿಕೊಂಡ ನಿಮ್ಮ ಕಡೆಯ 110 ಹಳ್ಳಿಗಳಿಗೆಂದೇ. ಒಳ್ಳೆಯದೇ ಆಯಿತು. ಆದರೆ ಅದೂ ಬರುವುದು ಹಳೇ ಹಂತಗಳ ಹಾಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದಲೇ, ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿಕೊಂಡು. ಪೈಪು ದಪ್ಪ ಆಯಿತು, ನದಿ ಅದೇ. ಕೊಡಗಿನಲ್ಲಿ ಮಳೆ ಕೈಕೊಟ್ಟರೆ ಹಂತ ಒಂದಿದ್ದರೇನು, ಐದಿದ್ದರೇನು?

2024ರ ಬೇಸಿಗೆ ನೆನಪಿದೆ ಅಲ್ವಾ? ಕಾವೇರಿ ನಲ್ಲಿ ಇದ್ದವರು ಹೇಗೋ ದಾಟಿದರು. ಬೋರ್ ನಂಬಿದವರು ಕೂತುಬಿಟ್ಟರು. ಊರಿನ 13,900 ಬೋರ್‌ಗಳಲ್ಲಿ 6,900 ಬತ್ತಿವೆ ಎಂದು ಆಗ ಉಪಮುಖ್ಯಮಂತ್ರಿ ಆಗಿದ್ದ ಡಿ.ಕೆ. ಶಿವಕುಮಾರ್ ಅವರೇ ಹೇಳಿದ್ದರು. ನನಗೆ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಮಳೆ ಕೈಕೊಟ್ಟದ್ದು 2023ರ ಮುಂಗಾರಿನಲ್ಲಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಎಂದು ಆ ವರ್ಷವೇ ಘೋಷಣೆ ಆಗಿತ್ತು. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ್ದು 2024ರ ಮಾರ್ಚಿನಲ್ಲಿ. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ನಿಗದಿ ಮಾಡಿದ್ದೂ ಅದೇ ತಿಂಗಳು. ಮಧ್ಯೆ ಐದಾರು ತಿಂಗಳು ನಾವೆಲ್ಲ ಏನು ಮಾಡುತ್ತಿದ್ದೆವು? ಕಾರು ತೊಳೆಯುತ್ತಿದ್ದೆವು.

ತಾಳಿ, ಮೋಟಾರ್ ಆಫ್ ಮಾಡಿ ಬರುತ್ತೇನೆ.

ಹಾ, ಬಂದೆ. ನಮ್ಮ ಬಿಲ್ಡಿಂಗಿನ ಕಥೆ ಕೇಳಿ. ಆ ಏಪ್ರಿಲಿನಲ್ಲಿ ಬೋರ್ ಬರೀ ಗಾಳಿ ಉಗುಳಲು ಶುರು ಮಾಡಿದ ಮೇಲೆ ಮೀಟಿಂಗ್ ಕರೆದೆವು. ರಾತ್ರಿ ಹನ್ನೊಂದರವರೆಗೂ ಜಗಳ. ಕೊನೆಗೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ನೀರು ಎಂದಾಯಿತು. ನೀರಿನ ಖರ್ಚು ಕಡಿಮೆ ಆಯಿತೇ? ಇಲ್ಲ, ಜಾಸ್ತಿ ಆಯಿತು! ನೀರು ನಿಲ್ಲುತ್ತದೆ ಎಂದ ಕೂಡಲೇ ಎಲ್ಲರೂ ಬಕೆಟ್ಟು, ಡ್ರಮ್ಮು, ಕುಕ್ಕರ್ ಕೂಡ ತುಂಬಿಸಿಟ್ಟರು. ಮಾರನೇ ದಿನ ಹಳೇ ನೀರು ಎಂದು ಚೆಲ್ಲಿ ಹೊಸದು ಹಿಡಿದರು. ನಾನೂ ಚೆಲ್ಲಿದ್ದೇನೆ, ಸುಳ್ಳು ಯಾಕೆ ಹೇಳಲಿ.

ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲೂ ಮೂರು ವರ್ಷ ಸತತ ಮಳೆ ಕೈಕೊಟ್ಟಿತ್ತು. ಅವರೂ ಎಚ್ಚೆತ್ತದ್ದು ತಡವಾಗಿಯೇ. ಆದರೆ ಎಚ್ಚೆತ್ತ ಮೇಲೆ ಒಂದು ಕೆಲಸ ಚೆನ್ನಾಗಿ ಮಾಡಿದರು, ಲೆಕ್ಕವನ್ನು ಜನರ ಮುಂದೆ ಇಟ್ಟರು. 2018ರ ಜನವರಿಯಲ್ಲಿ ತಲೆಗೆ ದಿನಕ್ಕೆ 87 ಲೀಟರ್ ಮಿತಿ, ಫೆಬ್ರವರಿಯಿಂದ 50. ಅಣೆಕಟ್ಟೆಗಳಲ್ಲಿ ನೀರು 13.5 ಶೇಕಡಕ್ಕೆ ಇಳಿದ ದಿನ ಮನೆ ನಲ್ಲಿ ಬಂದ್, ಸುಮಾರು 200 ಕಡೆ ಸಾಲಿನಲ್ಲಿ ನಿಂತು ತಲೆಗೆ 25 ಲೀಟರ್ ಹಿಡಿದುಕೊಳ್ಳಬೇಕು. ಆ ದಿನಕ್ಕೆ ಡೇ ಜೀರೋ ಎಂದು ಹೆಸರಿಟ್ಟರು. ಯಾವ ಮನೆ ಮಿತಿಯೊಳಗೆ ನೀರು ಬಳಸುತ್ತಿದೆ ಎಂದು ಮ್ಯಾಪಿನಲ್ಲಿ ಹಸಿರು ಚುಕ್ಕೆ ಹಾಕಿ ತೋರಿಸಿದರು. ಪಕ್ಕದ ಮನೆಗೆ ಚುಕ್ಕೆ ಇದ್ದು ನಮ್ಮನೆಗೆ ಇಲ್ಲದಿದ್ದರೆ ಅತ್ತೆ ಬಿಡುತ್ತಾರಾ ಹೇಳಿ! ಜನ ಉಳಿಸಿದರು, ರೈತರು ತಮ್ಮ ಅಣೆಕಟ್ಟೆಯಿಂದ ನೀರು ಬಿಟ್ಟುಕೊಟ್ಟರು, ಆಮೇಲೆ ಮಳೆಯೂ ಬಂತು. ಡೇ ಜೀರೋ ಬರಲೇ ಇಲ್ಲ.

ನಿಮ್ಮ ಪ್ಲಾನ್ ಹತ್ತು ಪುಟ ಬೇಡ ಮಾವ. ಸಂಪಿನಲ್ಲಿ ಎಷ್ಟು ದಿನದ ನೀರು ಉಳಿದರೆ ಏನು ನಿಲ್ಲಬೇಕು, ಅಷ್ಟು ಬರೆದರೆ ಸಾಕು. ಮೂರು ದಿನದ್ದಕ್ಕಿಂತ ಕಡಿಮೆ ಆದರೆ ಕಾರು, ಅಂಗಳ ತೊಳೆಯುವುದು ಬಂದ್. ಎರಡು ದಿನಕ್ಕೆ ಇಳಿದರೆ ವಾಲ್ವ್ ತಿರುಗಿಸಿ ಪ್ರೆಷರ್ ತಗ್ಗಿಸಿ, ಆದರೆ ಪೂರ್ತಿ ನಿಲ್ಲಿಸಬೇಡಿ, ಡ್ರಮ್ಮಿನ ಕಥೆ ಹೇಳಿದೆನಲ್ಲ. ಒಂದು ದಿನದ್ದು ಉಳಿದರೆ ಟ್ಯಾಂಕರ್ ಕರೆಸಿ. ಯಾರು ಫೋನ್ ಮಾಡಬೇಕು, ದುಡ್ಡು ಯಾವ ಖಾತೆಯಿಂದ ಎಂಬುದೂ ಬರೆದಿರಲಿ. ಟ್ಯಾಂಕರಿನವರ ಹತ್ತಿರ ದರದ ಮಾತು ಡಿಸೆಂಬರಿನಲ್ಲೇ ಮುಗಿಸಿ, ಮಾರ್ಚಿನಲ್ಲಿ ಅವರು ಫೋನೇ ಎತ್ತುವುದಿಲ್ಲ. ಹಾಸಿಗೆ ಹಿಡಿದವರು, ಎಳೆ ಮಕ್ಕಳು ಇರುವ ಮನೆಗಳ ಪಟ್ಟಿ ಬೇರೆ ಇರಲಿ. ನಲ್ಲಿಗಳ ಬಾಯಿಗೆ ಏರಿಯೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಖರ್ಚು ತಗ್ಗಿಸುವ ಜಾಲರಿ, ಹಾಕಿಸಿ, ಅದು ಅರ್ಧ ದಿನದ ಪ್ಲಂಬರ್ ಕೆಲಸ. ಸಂಪಿನ ಅಳತೆಯನ್ನು ದಿನಾ ಬೆಳಿಗ್ಗೆ ಲಿಫ್ಟ್ ಪಕ್ಕದ ಬೋರ್ಡಿನಲ್ಲಿ ಬರೆಸಿ. ಇದನ್ನು ಮಾತ್ರ ಬಿಡಬೇಡಿ.

ಈಗ ಯಾರಿಗೂ ಬಾಯಾರಿಲ್ಲ, ಎಲ್ಲರೂ ಹೂಂ ಎನ್ನುತ್ತಾರೆ. ಈ ಭಾನುವಾರವೇ ಸಹಿ ಹಾಕಿಸಿಕೊಂಡುಬಿಡಿ. ಸಂಪಿನ ಉದ್ದ, ಅಗಲ, ಆಳ ಅಳೆದು ಇಲ್ಲೇ ಹಾಕಿ, ಎಷ್ಟು ಇಂಚಿಗೆ ಎಷ್ಟು ಲೀಟರ್ ಎಂದು ನಾನು ಲೆಕ್ಕ ಮಾಡಿ ಕಳಿಸುತ್ತೇನೆ. ನೀವೇ ಇಳಿಯಬೇಡಿ ಮಾವ, ಮೇಲಿನಿಂದ ಕೋಲು ಬಿಟ್ಟು ಅಳೆಯಿರಿ.