ಸಹಾಯ ಬೇಕು: ಫ್ರೆಂಚ್ ಓದಬಲ್ಲವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಐಸ್ ಹಾಕಿಯ ಆರಂಭಕಾಲದ ವೃತ್ತಿಪರ ಗೋಲ್‌ಕೀಪರ್ ಜಾರ್ಜ್ ವೆಜಿನಾ ಬಗ್ಗೆ ಲೇಖನ ಬರೆಯುತ್ತಿದ್ದೇನೆ. 1887ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಶಿಕೂಟಿಮಿಯಲ್ಲಿ ಹುಟ್ಟಿದವರು. 1910ರಿಂದ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡಕ್ಕೆ ಒಂದು ಪಂದ್ಯವನ್ನೂ ತಪ್ಪಿಸದೆ ಆಡಿದರು. ಆಗ ಮುಖಕ್ಕೆ ಮಾಸ್ಕ್ ಇಲ್ಲ, 1918ರ ತನಕ ಎನ್‌ಎಚ್‌ಎಲ್‌ನಲ್ಲಿ (ನ್ಯಾಷನಲ್ ಹಾಕಿ ಲೀಗ್) ಬಿದ್ದು ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತಡೆಯುವಂತೆಯೂ ಇರಲಿಲ್ಲ, ನಿಂತೇ ತಡೆಯಬೇಕು (ಈಗಿನವರು ನಂಬುತ್ತಾರಾ?). 1925ರ ನವೆಂಬರ್ 28ರಂದು ಜ್ವರದಲ್ಲೇ ಆಡಲಿಳಿದು ಅರ್ಧಕ್ಕೇ ಹೊರಬಂದರು. ಕ್ಷಯ. ಮುಂದಿನ ಮಾರ್ಚ್‌ನಲ್ಲಿ ತೀರಿಕೊಂಡರು.

ಅವರಿಗೆ 22 ಮಕ್ಕಳಿದ್ದರೆಂಬ ಕಟ್ಟುಕಥೆ ಇನ್ನೂ ಓಡಾಡುತ್ತಿದೆ, ಹಾಗಾಗಿ ಆ ಕಾಲದ ಪತ್ರಿಕೆಗಳನ್ನೇ ನೋಡಬೇಕು. ಮಾಂಟ್ರಿಯಲ್‌ನ ಫ್ರೆಂಚ್ ಪತ್ರಿಕೆ ‘ಲಾ ಪ್ರೆಸ್’ನ ಹಳೆಯ ಸಂಚಿಕೆಗಳು ಕ್ವಿಬೆಕ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿವೆ. 1926ರ ಮಾರ್ಚ್ ಕೊನೆಯ ವಾರದ ಕ್ರೀಡಾಪುಟಗಳನ್ನು ಓದಿ ಸಾರಾಂಶ ಹೇಳುವವರು, ವಿಶೇಷವಾಗಿ ಮಾಂಟ್ರಿಯಲ್ ಕನ್ನಡಿಗರು, ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ.