ಲೈನ್ ಮನೆಯಲ್ಲಿ ಒಬ್ಬನಿಗೆ ಕುಷ್ಠ: 2005ರಲ್ಲೇ ಮುಗಿದಿತ್ತಲ್ವಾ ಇದು?

ಸಿದ್ದಾಪುರ ರೊಬಸ್ಟಾ:
ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಕುಯ್ಲು ನಡೀತಿದೆ, ಕೆಲಸದವರ ಲೈನ್ ಮನೆ ತುಂಬಾ ಜಾರ್ಖಂಡ್, ಅಸ್ಸಾಂ ಕಡೆಯ ಜನ. ಮೊನ್ನೆ ಆಶಾ ಕಾರ್ಯಕರ್ತೆ ಬಂದು ಎಲ್ಲರ ಮೈ ಮೇಲೆ ಮಚ್ಚೆ ಇದೆಯಾ ಅಂತ ನೋಡಿದರು. ಒಬ್ಬ ಹುಡುಗನ ಮೊಣಕೈ ಹತ್ತಿರ ಮಾಸಲು ಮಚ್ಚೆ, ಅಲ್ಲಿ ಮುಟ್ಟಿದರೆ ಅವನಿಗೆ ಗೊತ್ತೇ ಆಗಲ್ಲ. ಆಸ್ಪತ್ರೆಯಲ್ಲಿ ಕುಷ್ಠ ಅಂತ ಹೇಳಿ ಮಾತ್ರೆ ಶುರು ಮಾಡಿದ್ದಾರೆ. ಈಗ ಲೈನಿನಲ್ಲಿ ಗಲಾಟೆ. ಅವನು ನಲ್ಲಿ ಮುಟ್ಟಬಾರದು ಅಂತ ಕೆಲವರು, ಲೆಕ್ಕ ಮುಗಿಸಿ ಊರಿಗೆ ಕಳಿಸೋಣ ಅಂತ ತೋಟದ ಲೆಕ್ಕ ಬರೆಯುವ ನಮ್ಮ ರೈಟರು. ಭಾರತ ಇದನ್ನು 2005ರಲ್ಲೇ ಗೆದ್ದಾಯ್ತು ಅಂತ ಪೇಪರಲ್ಲಿ ಓದಿದ ನೆನಪು. ಮತ್ತೆ ಇದೆಲ್ಲಿಂದ ಬಂತು? ಜೊತೆಯಲ್ಲಿರುವವರಿಗೂ ಒಂದೊಂದು ಮಾತ್ರೆ ಕೊಡ್ತಾರಂತೆ, ಚೆನ್ನಾಗಿರೋರಿಗೆ ಯಾಕೆ?

ನಿವೃತ್ತ ಆರೋಗ್ಯ ಸಹಾಯಕ:
ಮೊದಲು ರೈಟರಿಗೆ ಸುಮ್ಮನಿರಲು ಹೇಳಿ. ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ಆ ಹುಡುಗನಿಂದ ಇನ್ನೊಬ್ಬರಿಗೆ ಹರಡುವ ಸಾಧ್ಯತೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಆಗುತ್ತದೆ. ನಲ್ಲಿ, ತಟ್ಟೆ, ಕುಯ್ಲಿನ ಚೀಲ ಮುಟ್ಟಿದರೆ ಇದು ಬರೋದಿಲ್ಲ. ನಿಮಗೆ ಅಪಾಯ ಇರೋದು ಇನ್ನೂ ಪತ್ತೆಯಾಗದ, ಮಾತ್ರೆ ತಗೊಳ್ಳದ ರೋಗಿಯಿಂದ. ಒಬ್ಬನನ್ನು ಓಡಿಸಿದರೆ ಮಚ್ಚೆ ಇರುವ ಮಿಕ್ಕವರು ಅಂಗಿ ತೋಳು ಕೆಳಗೆ ಎಳೆದುಕೊಂಡು ಬಚ್ಚಿಡ್ತಾರೆ, ಅಷ್ಟೇ.

2005ರ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 1991ರಲ್ಲಿ ಇಟ್ಟುಕೊಂಡ ಗುರಿ 10 ಸಾವಿರ ಜನಕ್ಕೆ ಒಬ್ಬ ರೋಗಿಗಿಂತ ಕಡಿಮೆ ಅಂತ. 2005ರಲ್ಲಿ ಭಾರತ ಮುಟ್ಟಿದ್ದು ಆ ಗುರಿಯನ್ನು. ಆ ಲೆಕ್ಕದಲ್ಲಿ ಬರೋದು ಸದ್ಯ ಚಿಕಿತ್ಸೆಯಲ್ಲಿ ಇರುವವರು ಮಾತ್ರ. ಹಿಂದೆ ಡ್ಯಾಪ್ಸೋನ್ ಅನ್ನುವ ಮಾತ್ರೆ ಒಂದನ್ನೇ ವರ್ಷಗಟ್ಟಲೆ, ಕೆಲವರು ಸಾಯುವ ತನಕ ನುಂಗುತ್ತಿದ್ದರು, ಹೆಸರು ರಿಜಿಸ್ಟರಿನಲ್ಲೇ ಉಳಿಯುತ್ತಿತ್ತು. 1981ರಲ್ಲಿ ಅದಕ್ಕೆ ರಿಫಾಂಪಿಸಿನ್, ಕ್ಲೊಫಾಜಿಮಿನ್ ಸೇರಿಸಿದ ಎಂಡಿಟಿ, ಅಂದರೆ ಹಲವು ಔಷಧ ಒಟ್ಟಿಗೆ ಕೊಡುವ ಚಿಕಿತ್ಸೆ ಬಂತು, ಆಮೇಲೆ ಆ ಕೋರ್ಸು ರೋಗದ ಬಗೆ ನೋಡಿ 6 ತಿಂಗಳು ಇಲ್ಲವೇ 12 ತಿಂಗಳಿಗೆ ಇಳಿಯಿತು. ಕೋರ್ಸ್ ಮುಗಿದವರ ಹೆಸರು ತೆಗೆಯುತ್ತಾ ಹೋದರೆ ಸಂಖ್ಯೆ ತಾನಾಗಿಯೇ ಬೀಳುತ್ತೆ ಅಲ್ವಾ? ಲಕ್ಷಾಂತರ ಜನ ಗುಣವಾಗಿದ್ದು ನಿಜ, ಅದು ಸಣ್ಣ ಕೆಲಸ ಅಲ್ಲ. ಆದರೆ ಹೊಸಬರಿಗೆ ಬರೋದು ನಿಂತಿಲ್ಲ. ಈಗಲೂ ದೇಶದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಹೊಸ ರೋಗಿಗಳು ಸಿಗುತ್ತಾರೆ, ಜಗತ್ತಿನ ಅರ್ಧಕ್ಕಿಂತ ಜಾಸ್ತಿ. ಗೆದ್ದೆವು ಅಂದ ಮೇಲೆ ಮಚ್ಚೆ ನೋಡಿ ಗುರುತಿಸಬಲ್ಲ ಹಳಬರೂ ಕಡಿಮೆಯಾದರು, ನನ್ನ ಸಿಟ್ಟು ಇರೋದು ಅದರ ಮೇಲೆ.

ಸೋಮವಾರಪೇಟೆ ಪ್ಲಾಂಟರ್:
ಹೇಳೋದು ಸುಲಭ ಸಾರ್. ಒಬ್ಬನನ್ನು ಉಳಿಸಿಕೊಂಡು ಮಿಕ್ಕ ಜನ ಗಂಟುಮೂಟೆ ಕಟ್ಟಿದರೆ ಹಣ್ಣು ಉದುರಿ ನೆಲದಲ್ಲೇ ಹೋಗುತ್ತೆ, ಆ ನಷ್ಟ ಯಾರು ಕೊಡ್ತಾರೆ? ಅದೂ ಅಲ್ಲದೆ ಪ್ರಪಂಚದವರೆಲ್ಲ ಇಷ್ಟು ವರ್ಷ ದುಡ್ಡು ಸುರಿದು ಸಂಶೋಧನೆ ಮಾಡಿದರಲ್ಲ, ಒಂದು ಸರಿಯಾದ ಲಸಿಕೆ ಕೂಡ ಬಂದಿಲ್ಲ.

ಮಡಿಕೇರಿ ಮೈಕ್ರೋಬಯಾಲಜಿ:
ಲಸಿಕೆ ಬರದೇ ಇರೋದಕ್ಕೆ ಕಾರಣ ಇದೆ. ನಾರ್ವೆಯ ಹ್ಯಾನ್ಸನ್ ಈ ಬ್ಯಾಕ್ಟೀರಿಯಾ ಕಂಡುಹಿಡಿದದ್ದು 1873ರಲ್ಲಿ, ಕ್ಷಯದ ಬ್ಯಾಕ್ಟೀರಿಯಾ ಸಿಗುವುದಕ್ಕೂ ಮೊದಲು. ಆದರೂ ಇವತ್ತಿನವರೆಗೆ ಇದನ್ನು ಲ್ಯಾಬಿನ ಪ್ಲೇಟಿನಲ್ಲಿ ಬೆಳೆಸಲು ಯಾರಿಂದಲೂ ಆಗಿಲ್ಲ. ಇಲಿಯ ಪಾದದಲ್ಲಿ ಬೆಳೆಸಬೇಕು, ಇಲ್ಲಾಂದ್ರೆ ಆರ್ಮಡಿಲೊ ಅನ್ನುವ ಪ್ರಾಣಿಯಲ್ಲಿ. ಒಂದು ಎರಡಾಗಲು ಹೆಚ್ಚುಕಡಿಮೆ 2 ವಾರ ಬೇಕು. ಒಳಗೆ ಸೇರಿದ ಮೇಲೆ ಮಚ್ಚೆ ಕಾಣಲು ಸರಾಸರಿ 5 ವರ್ಷ, ಕೆಲವರಲ್ಲಿ 20 ವರ್ಷ. ಅಂದರೆ ಒಂದು ಲಸಿಕೆ ಕೆಲಸ ಮಾಡಿತೋ ಇಲ್ಲವೋ ಅಂತ ನೋಡಲು ಎಷ್ಟು ಕಾಯಬೇಕು ಲೆಕ್ಕ ಹಾಕಿ. ಕ್ಷಯಕ್ಕೆ ಹಾಕುವ ಬಿಸಿಜಿ ಲಸಿಕೆ ಇದನ್ನೂ ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ನಮ್ಮಲ್ಲಿ ಜಿ.ಪಿ. ತಲ್ವಾರ್ ತಂಡ ಮಾಡಿದ ಎಂಐಪಿ ಲಸಿಕೆ ಇದೆ, ಹೊರದೇಶದಲ್ಲಿ ಲೆಪ್‌ವ್ಯಾಕ್ಸ್ ಅನ್ನುವುದನ್ನು ಮನುಷ್ಯರ ಮೇಲೆ ಪರೀಕ್ಷೆ ಮಾಡಿದ್ದಾರೆ.

ಆ ಒಂದು ಮಾತ್ರೆ ಕೇಳಿದರಲ್ಲ, ಅದು ರಿಫಾಂಪಿಸಿನ್, ಒಂದೇ ಸಲ. ಬಾಂಗ್ಲಾದೇಶದಲ್ಲಿ ರೋಗಿಗಳ ಜೊತೆಗಿದ್ದ 20 ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷಿಸಿದಾಗ, ಮೊದಲ 2 ವರ್ಷ ಹೊಸ ಪ್ರಕರಣ ಶೇ. 57ರಷ್ಟು ಕಡಿಮೆ ಬಂತು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಕೊಡಬಹುದು ಅಂತ ಹೇಳಿತು. ಪೂರ್ತಿ ರಕ್ಷಣೆ ಅಲ್ಲ, ಆದರೆ ಬೇಡ ಅನ್ನಲು ನನಗಂತೂ ಕಾರಣ ಕಾಣಲ್ಲ. ಗರ್ಭಿಣಿಯರಿಗೆ, ಕ್ಷಯದ ಅನುಮಾನ ಇರುವವರಿಗೆ ಕೊಡಲ್ಲ, ಅದಕ್ಕೇ ಮೊದಲು ಪರೀಕ್ಷೆ ಮಾಡ್ತಾರೆ.

ಗೋಣಿಕೊಪ್ಪ ವಕೀಲೆ:
ರೈಟರಿಗೆ ಇದನ್ನೂ ಓದಿಸಿ. ರೋಗಿಗಳನ್ನು ಕೂಡಿಹಾಕಲು ಬ್ರಿಟಿಷರು 1898ರಲ್ಲಿ ಮಾಡಿದ್ದ ಕಾಯ್ದೆ ನಮ್ಮ ಪುಸ್ತಕದಿಂದ ಹೋಗಿದ್ದು 2016ರಲ್ಲಿ! ಗಂಡ ಅಥವಾ ಹೆಂಡತಿಗೆ ಕುಷ್ಠ ಅಂತ ವಿಚ್ಛೇದನ ಕೇಳುವ ದಾರಿ ಮುಚ್ಚಿದ್ದು 2019ರಲ್ಲಿ. ಮಾತ್ರೆ 1995ರಿಂದ ಜಗತ್ತಿನಾದ್ಯಂತ ಪುಕ್ಕಟೆ, ಮೊದಲು ಜಪಾನಿನ ನಿಪ್ಪಾನ್ ಫೌಂಡೇಶನ್ ದುಡ್ಡಿನಲ್ಲಿ, 2000ದಿಂದ ನೊವಾರ್ಟಿಸ್ ಅನ್ನುವ ಔಷಧ ಕಂಪನಿ ಕೊಡುತ್ತಾ ಬಂತು. ತಾರತಮ್ಯ ನಿಲ್ಲಬೇಕು ಅಂತ ವಿಶ್ವಸಂಸ್ಥೆಯಲ್ಲಿ 2010ರಲ್ಲೇ ನಿರ್ಣಯ ಆಗಿದೆ. ಇಷ್ಟೆಲ್ಲಾ ಆದ ಮೇಲೂ ಜನವರಿ 30ರ ಕುಷ್ಠ ವಿರೋಧಿ ದಿನ ಅಂತ ಬೆರಳಿಲ್ಲದ ಕೈಯ ಫೋಟೋ ಹಾಕ್ತಾರೆ, ಅದನ್ನು ನೋಡಿದವರು ಒಂದು ಸಣ್ಣ ಮಚ್ಚೆಗೆ ಆಸ್ಪತ್ರೆಗೆ ಹೋಗ್ತಾರಾ? ಪ್ಲಾಂಟರ್ ಅವರೇ, ಆಸ್ಪತ್ರೆಯ ತಂಡವನ್ನೇ ಲೈನಿಗೆ ಕರೆಸಿ ಹಿಂದಿಯಲ್ಲಿ ಮಾತಾಡಿಸಿ, ಯಾರೂ ಗಂಟುಮೂಟೆ ಕಟ್ಟಲ್ಲ.

ಸಿದ್ದಾಪುರ ರೊಬಸ್ಟಾ:
ಥ್ಯಾಂಕ್ಸ್. ಭಾನುವಾರ ಕೆಲಸ ಇರಲ್ಲ, ಅವತ್ತೇ ಬರಲು ಕೇಳಿದ್ದೇನೆ. ಒಂದೇ ಡೌಟು, ಕುಯ್ಲು ಮುಗಿದ ಮೇಲೆ ಇವನು ಊರಿಗೆ ಹೋದರೆ ಮಾತ್ರೆ ಗತಿ?

ನಿವೃತ್ತ ಆರೋಗ್ಯ ಸಹಾಯಕ:
ಹೊರಡುವ ಮೊದಲೇ ಆಸ್ಪತ್ರೆಯಲ್ಲಿ ಹೇಳಿ. ಉಳಿದ ತಿಂಗಳುಗಳ ಪ್ಯಾಕೆಟ್ ಒಟ್ಟಿಗೆ ಕೊಡಲು ಅವಕಾಶ ಇದೆ, ಚಿಕಿತ್ಸೆಯ ಕಾರ್ಡನ್ನೂ ಕೇಳಿ ಪಡೆಯಿರಿ, ಊರಿನ ಆಸ್ಪತ್ರೆಯಲ್ಲಿ ತೋರಿಸಬೇಕಾಗುತ್ತೆ. ಮೂತ್ರ ಕೆಂಪಾಗುತ್ತೆ, ಕ್ಲೊಫಾಜಿಮಿನ್ ಇದ್ದರೆ ಚರ್ಮ ಸ್ವಲ್ಪ ಕಪ್ಪಾಗುತ್ತೆ, ಅದು ಆಮೇಲೆ ತಿಳಿಯಾಗುತ್ತೆ ಅಂತ ಈಗಲೇ ಅವನಿಗೆ ಹೇಳಿಬಿಡಿ. ಹೆದರಿ ಮಾತ್ರೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ಕೈಯಲ್ಲಿ ಶಕ್ತಿ ಕಡಿಮೆಯಾದರೆ, ನರ ನೋವು ಬಂದರೆ ಮುಂದಿನ ಪ್ಯಾಕೆಟ್ ತನಕ ಕಾಯದೆ ಅವತ್ತೇ ಹೋಗಬೇಕು.